ಸಕ್ಕರೆ ಸರಿಯಾಗಿತ್ತು, ಬಾಟಲಿ ಯಾಕೆ ಸಿಡೀತು?

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ, ಮೆಸ್ಸಲ್ಲಿ ಊಟ ಮುಗಿಸಿ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತಿದ್ವಿ. ಅಮೆರಿಕದಲ್ಲಿ ಎಂಎಸ್ ಮಾಡ್ತಿರೋ ನಮ್ಮ ಸೀನಿಯರ್ ಅಣ್ಣ ಒಬ್ಬರು ವಿಡಿಯೋ ಕಾಲ್ ಮಾಡಿದ್ರು. ಮುಖದಲ್ಲಿ ನಿದ್ದೆ ಇರಲಿಲ್ಲ. ಕ್ಯಾಮೆರಾ ತಿರುಗಿಸಿ ಒಂದು ಕಪಾಟು ತೋರಿಸಿದ್ರು. ನೆಲದ ತುಂಬ ಕಂದು ಬಣ್ಣದ ಗಾಜಿನ ಚೂರು. ಕಪಾಟಿನ ಮರದ ಬಾಗಿಲಿಗೆ ಒಳಗಡೆಯಿಂದ ಒಂದು ಚೂರು ಮೊಳೆ ಹೊಡೆದ ಹಾಗೆ ನೆಟ್ಟಿತ್ತು.

ಆಗಿದ್ದಿಷ್ಟು. ಅವರು ಮನೆಯಲ್ಲೇ ಬಿಯರ್ ತಯಾರಿಸೋ ಒಂದು ಕಿಟ್ ತಂದಿದ್ರು. ಬಾಟಲಿಗೆ ತುಂಬಿ ಹತ್ತು ದಿನ ಆಗಿತ್ತು. ಬೆಳಗಿನ ಜಾವ ಮೂರು ಬಾಟಲಿ ಒಂದರ ಹಿಂದೆ ಒಂದು ಸಿಡಿದಿದ್ವು. ಬಾಗಿಲು ಮುಚ್ಚಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಹಿಂದಿನ ಸಂಜೆಯಷ್ಟೇ ಅವರು ಅದೇ ಬಾಗಿಲು ತೆಗೆದು ಬಗ್ಗಿ ನೋಡಿದ್ರಂತೆ.

"ಲೋ, ಸಕ್ಕರೆ ಜಾಸ್ತಿ ಆಯ್ತು ಅಂತ ಮಾತ್ರ ಹೇಳ್ಬೇಡಿ. ಗ್ರಾಂ ಲೆಕ್ಕದಲ್ಲಿ ತೂಕ ಮಾಡಿ ಹಾಕಿದ್ದೀನಿ ಕಣ್ರೋ. ತಕ್ಕಡಿ ಸರಿಯಾಗಿದೆ. ಹಾಗಾದ್ರೆ ತಪ್ಪೆಲ್ಲಿ?"

ನಾವು ಮೂರು ಜನ, ಕೆಮಿಕಲ್ ಇಂಜಿನಿಯರಿಂಗ್ ಕೊನೇ ವರ್ಷ. ಮಾಸ್ ಬ್ಯಾಲೆನ್ಸ್ ಅಂತ ಎರಡನೇ ವರ್ಷದಲ್ಲಿ ಉರು ಹೊಡೆದಿದ್ದು ಬಿಟ್ರೆ ಅದನ್ನ ಯಾವತ್ತೂ ಬಳಸಿರಲಿಲ್ಲ. ಅವತ್ತು ರಾತ್ರಿ ಒಂದು ನೋಟ್‌ಬುಕ್ ತಗೊಂಡು ಕೂತ್ವಿ. ಆ ಲೆಕ್ಕವೇ ಈ ಲೇಖನ.

ಶುರು ಮಾಡೋ ಮುಂಚೆ ಒಂದು ಮಾತು. ಅಮೆರಿಕದಲ್ಲಿ 1978ರ ಕಾನೂನು ವಯಸ್ಕರಿಗೆ ಮನೆಬಳಕೆಗೆ ಬಿಯರ್ ಮಾಡಿಕೊಳ್ಳೋಕೆ ತೆರಿಗೆ ವಿನಾಯಿತಿ ಕೊಡ್ತು. ಬ್ರಿಟನ್ನಿನಲ್ಲಿ 1963ರಲ್ಲೇ ಅದಕ್ಕೆ ಬೇಕಿದ್ದ ಲೈಸೆನ್ಸ್ ತೆಗೆದುಹಾಕಿದ್ರು. ನಮ್ಮಲ್ಲಿ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಆದ್ದರಿಂದ ಇದನ್ನ ಓದಿ ಹಾಸ್ಟೆಲ್ ರೂಮಲ್ಲಿ ಬಕೆಟ್ ಇಡಬೇಡಿ. ಇಲ್ಲಿ ಕಲಿಯೋಕೆ ಇರೋದು ಬಿಯರ್ ಅಲ್ಲ, ಅಳತೆ.

ಬಾಟಲಿಯೊಳಗೆ ಗ್ಯಾಸ್ ಬರೋದು ಎಲ್ಲಿಂದ?

ಗೋಲಿ ಸೋಡ ಎಲ್ಲರಿಗೂ ಗೊತ್ತು. ಅದರಲ್ಲಿ ಗ್ಯಾಸು ಸಿಲಿಂಡರ್‌ನಿಂದ ಬರುತ್ತೆ. ಒತ್ತಡ ಎಷ್ಟು ಬೇಕು ಅಂತ ಹೊರಗೇ ತೀರ್ಮಾನ ಆಗಿರುತ್ತೆ. ರೆಗ್ಯುಲೇಟರ್ ತಿರುಗಿಸಿದ್ರೆ ಮುಗೀತು.

ಈಗ ಮನೇಲಿ ಅಮ್ಮ ರುಬ್ಬಿಟ್ಟ ಇಡ್ಲಿ ಹಿಟ್ಟನ್ನ ನೆನಪಿಸ್ಕೊಳ್ಳಿ. ಬೇಸಿಗೆಯಲ್ಲಿ ಮುಚ್ಚಳ ಬಿಗಿಯಾಗಿ ಹಾಕಿಟ್ರೆ ಬೆಳಗ್ಗೆ ಮುಚ್ಚಳ ಪಕ್ಕಕ್ಕೆ ಬಿದ್ದಿರುತ್ತೆ, ಹಿಟ್ಟು ಕಟ್ಟೆ ಮೇಲೆ ಹರಿದಿರುತ್ತೆ. ಅಲ್ಲಿ ಗ್ಯಾಸನ್ನ ಯಾರೂ ತುಂಬಿಲ್ಲ, ಒಳಗಿನ ಜೀವಾಣುಗಳೇ ಮಾಡಿವೆ. ಎಷ್ಟು ಮಾಡಬೇಕು ಅನ್ನೋದೂ ಅವುಗಳ ಕೈಯಲ್ಲೇ ಇರುತ್ತೆ: ತಿನ್ನೋಕೆ ಎಷ್ಟಿದೆಯೋ ಅಷ್ಟು.

ಮನೆಯಲ್ಲಿ ಮಾಡೋ ಬಿಯರ್‌ಗೆ ನೊರೆ ಬರೋದು ಈ ಎರಡನೇ ದಾರಿಯಲ್ಲಿ. ಮೊದಲು ಮಾಲ್ಟಿನ ಸಿಹಿ ನೀರನ್ನ ದೊಡ್ಡ ಬಕೆಟ್ಟಲ್ಲಿ ಯೀಸ್ಟ್ ಹಾಕಿ ಹುದುಗಿಸ್ತಾರೆ. ಆ ಹಂತದಲ್ಲಿ ಹುಟ್ಟೋ ಕಾರ್ಬನ್ ಡೈಆಕ್ಸೈಡ್ ಬಹುಪಾಲು ಹೊರಗೆ ಹೋಗುತ್ತೆ. ಹುದುಗೋದು ಮುಗಿದ ಮೇಲೆ ಬಿಯರ್ ಸಪ್ಪೆಯಾಗಿರುತ್ತೆ, ಆದರೆ ಯೀಸ್ಟ್ ಇನ್ನೂ ಬದುಕಿರುತ್ತೆ. ಆಗ ಅಳತೆ ಮಾಡಿ ಸ್ವಲ್ಪ ಸಕ್ಕರೆ ಸೇರಿಸಿ, ಬಾಟಲಿಗೆ ತುಂಬಿ, ಮುಚ್ಚಳ ಒತ್ತಿಬಿಡ್ತಾರೆ. ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸ್ ಮಾಡುತ್ತೆ, ಹೊರಗೆ ಹೋಗೋ ದಾರಿ ಇಲ್ಲದೆ ಅದು ಬಿಯರ್‌ನಲ್ಲೇ ಕರಗುತ್ತೆ. ಹೀಗೆ ಕೊನೇಲಿ ಹಾಕೋ ಸಕ್ಕರೆಗೆ ಪ್ರೈಮಿಂಗ್ ಸಕ್ಕರೆ ಅಂತಾರೆ.

ಮುಚ್ಚಳ ಒತ್ತಿದ ಮೇಲೆ ಆ ಬಾಟಲಿಗೆ ರೆಗ್ಯುಲೇಟರೂ ಇಲ್ಲ, ಸೇಫ್ಟಿ ವಾಲ್ವೂ ಇಲ್ಲ. ಕುಕ್ಕರ್‌ಗಿರೋ ಸೀಟಿ ಕೂಡ ಇಲ್ಲ. ಒತ್ತಡವನ್ನ ನಿರ್ಧರಿಸೋದು ನೀವು ಒಳಗೆ ಬಿಟ್ಟ ಸಕ್ಕರೆ ಮಾತ್ರ.

ಮೊದಲ ಮೆಟ್ಟಿಲು: ಒಂದು ಗ್ರಾಂ ಸಕ್ಕರೆಗೆ ಎಷ್ಟು ಗ್ಯಾಸ್?

ಇದು ಪಿಯುಸಿ ಕೆಮಿಸ್ಟ್ರಿ. ಒಂದು ಮೋಲ್ ಸಕ್ಕರೆ ಅಂದರೆ 342 ಗ್ರಾಂ. ಅದು ಪೂರ್ತಿ ಹುದುಗಿದ್ರೆ ನಾಲ್ಕು ಮೋಲ್ ಆಲ್ಕೋಹಾಲ್, ನಾಲ್ಕು ಮೋಲ್ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ನಾಲ್ಕು ಸಲ 44, ಅಂದರೆ 176 ಗ್ರಾಂ ಗ್ಯಾಸ್. 176 ÷ 342 = 0.515. ಒಂದು ಗ್ರಾಂ ಸಕ್ಕರೆಗೆ ಅರ್ಧ ಗ್ರಾಂಗಿಂತ ಚೂರು ಹೆಚ್ಚು ಗ್ಯಾಸ್. ಯೀಸ್ಟ್ ತನ್ನ ಮೈ ಬೆಳೆಸೋಕೂ ಸ್ವಲ್ಪ ಸಕ್ಕರೆ ಬಳಸುತ್ತೆ, ಹಾಗಾಗಿ ನಿಜದಲ್ಲಿ ಇದಕ್ಕಿಂತ ತುಸು ಕಡಿಮೆ.

ಬಿಯರ್ ಮಾಡೋರು ಗ್ಯಾಸನ್ನ ಗ್ರಾಂನಲ್ಲಿ ಹೇಳಲ್ಲ, 'ವಾಲ್ಯೂಮ್' ಅಂತ ಹೇಳ್ತಾರೆ. ಒಂದು ಲೀಟರ್ ಬಿಯರ್‌ನಲ್ಲಿ ಕರಗಿರೋ ಗ್ಯಾಸನ್ನೆಲ್ಲ ಹೊರಗೆ ತೆಗೆದು 0 ಡಿಗ್ರಿ, ಒಂದು ಅಟ್ಮಾಸ್ಫಿಯರ್‌ನಲ್ಲಿ ಇಟ್ಟಾಗ ಅದು ಒಂದು ಲೀಟರ್ ಜಾಗ ತುಂಬಿದ್ರೆ 1 ವಾಲ್ಯೂಮ್. 44 ಗ್ರಾಂ ಗ್ಯಾಸ್ 22.4 ಲೀಟರ್ ಆಗುತ್ತೆ, ಆದ್ದರಿಂದ 1 ವಾಲ್ಯೂಮ್ ಅಂದರೆ ಲೀಟರಿಗೆ 1.96 ಗ್ರಾಂ. ಬ್ರಿಟಿಷ್ ಏಲ್‌ಗಳು ಮಂದ, 1.5ರಿಂದ 2 ವಾಲ್ಯೂಮ್. ಅಮೆರಿಕದ ಏಲ್‌ಗಳು ಸುಮಾರು 2.2ರಿಂದ 2.7. ಜರ್ಮನಿಯ ಗೋಧಿ ಬಿಯರ್ 3 ದಾಟುತ್ತೆ.

ಎರಡನ್ನೂ ಸೇರಿಸಿದ್ರೆ ಜೇಬಲ್ಲಿ ಇಟ್ಕೊಳ್ಳಬಹುದಾದ ಒಂದು ಸೂತ್ರ ಸಿಗುತ್ತೆ: 1.96 ÷ 0.515 = 3.8. ಒಂದು ಲೀಟರಿಗೆ ಒಂದು ವಾಲ್ಯೂಮ್ ಏರಿಸೋಕೆ ಸುಮಾರು 4 ಗ್ರಾಂ ಸಕ್ಕರೆ. ಅಷ್ಟೇ. ಒಂದು ಚಹಾ ಚಮಚ.

ಎರಡನೇ ಮೆಟ್ಟಿಲು: ಒಳಗೆ ಆಗಲೇ ಏನಿದೆ?

2.4 ವಾಲ್ಯೂಮ್ ಬೇಕು ಅಂದುಕೊಳ್ಳೋಣ. 2.4 ಸಲ 4, ಲೀಟರಿಗೆ 9.6 ಗ್ರಾಂ ಹಾಕ್ಬಿಡೋಣ್ವಾ? ಬೇಡ. ಸಪ್ಪೆ ಅಂತ ಕಾಣೋ ಬಿಯರ್‌ನಲ್ಲೂ ಗ್ಯಾಸ್ ಇದೆ. ಬಕೆಟ್ಟಿನಲ್ಲಿ ಹುದುಗ್ತಿದ್ದಾಗ ಬಿಯರ್ ಮೇಲೆ ನಿಂತಿದ್ದು ಹೆಚ್ಚೂಕಡಿಮೆ ಶುದ್ಧ ಕಾರ್ಬನ್ ಡೈಆಕ್ಸೈಡ್. ವಿಲಿಯಂ ಹೆನ್ರಿ 1803ರಲ್ಲಿ ಹೇಳಿದ ನಿಯಮ ನಮಗೆಲ್ಲ ಗೊತ್ತು: ಮೇಲಿರೋ ಗ್ಯಾಸಿನ ಒತ್ತಡಕ್ಕೆ ತಕ್ಕಷ್ಟು ಗ್ಯಾಸ್ ದ್ರವದಲ್ಲಿ ಕರಗುತ್ತೆ. ತಣ್ಣಗಿದ್ರೆ ಹೆಚ್ಚು, ಬೆಚ್ಚಗಿದ್ರೆ ಕಡಿಮೆ.

ಒಂದು ಅಟ್ಮಾಸ್ಫಿಯರ್‌ನಲ್ಲಿ ಬಿಯರ್ ಹಿಡಿದಿಟ್ಟುಕೊಳ್ಳೋ ಗ್ಯಾಸ್ ಹೀಗಿದೆ: 0 ಡಿಗ್ರಿಯಲ್ಲಿ 1.7 ವಾಲ್ಯೂಮ್, 10 ಡಿಗ್ರಿಯಲ್ಲಿ 1.2, 15ರಲ್ಲಿ 1.0, 20ರಲ್ಲಿ 0.86, 25ರಲ್ಲಿ 0.76, 30ರಲ್ಲಿ 0.7.

ಹಾಗಾಗಿ 20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ಗೆ 2.4 ಬೇಕಿದ್ರೆ ನಾವು ಸೇರಿಸಬೇಕಾದ್ದು 2.4 − 0.86 = 1.54 ವಾಲ್ಯೂಮ್ ಮಾತ್ರ. ಗ್ಯಾಸ್ ಲೀಟರಿಗೆ 3.02 ಗ್ರಾಂ, ಸಕ್ಕರೆ ಲೀಟರಿಗೆ 5.87 ಗ್ರಾಂ. 19 ಲೀಟರಿಗೆ 111 ಗ್ರಾಂ. ಒಳಗಿರೋದನ್ನ ಕಳೆಯದೆ ಹಾಕಿದ್ದಿದ್ರೆ 182 ಗ್ರಾಂ ಆಗ್ತಿತ್ತು.

ಇಲ್ಲಿ ಒಂದು ಗುಂಡಿ ಇದೆ. ಯಾವ ತಾಪಮಾನ ತಗೋಬೇಕು? ಈಗಿನದಲ್ಲ. ಹುದುಗೋದು ಮುಗಿಯೋ ಹೊತ್ತಿಗೆ ಮತ್ತು ಅದರ ನಂತರ ಬಿಯರ್ ಮುಟ್ಟಿದ ಅತಿ ಹೆಚ್ಚಿನ ತಾಪಮಾನ ತಗೋಬೇಕು. ಯಾಕಂದ್ರೆ ಬೆಚ್ಚಗಾದಾಗ ಹೊರಗೆ ಹೋದ ಗ್ಯಾಸ್ ಮತ್ತೆ ಫ್ರಿಜ್ಜಿನಲ್ಲಿಟ್ಟ ಮಾತ್ರಕ್ಕೆ ಪೂರ್ತಿ ವಾಪಸ್ ಬರಲ್ಲ. 20 ಡಿಗ್ರಿಯಲ್ಲಿ ಹುದುಗಿಸಿ, ತಿಳಿಯಾಗಲಿ ಅಂತ ಎರಡು ದಿನ 2 ಡಿಗ್ರಿಯಲ್ಲಿಟ್ಟು, ಲೆಕ್ಕಕ್ಕೆ 2 ಡಿಗ್ರಿ ಹಾಕಿದ್ರೆ ಸಕ್ಕರೆ ಕಡಿಮೆ ಬಿದ್ದು ಬಿಯರ್ ಸಪ್ಪೆಯಾಗುತ್ತೆ.

ಮೂರನೇ ಮೆಟ್ಟಿಲು: ಯಾವ ಸಕ್ಕರೆ, ಯಾವ ಅಳತೆ?

ಕಿಟ್ಟಿನಲ್ಲಿ ಬರೋದು ಸಾಮಾನ್ಯವಾಗಿ ನಮ್ಮ ಟೀ ಸಕ್ಕರೆಯಲ್ಲ, ಜೋಳದಿಂದ ಮಾಡಿದ ಡೆಕ್ಸ್‌ಟ್ರೋಸ್. ಅದರ ಪ್ರತಿ ಅಣುವಿನ ಜೊತೆ ಒಂದು ನೀರಿನ ಅಣು ಅಂಟಿಕೊಂಡಿರುತ್ತೆ. 198 ಗ್ರಾಂ ಡೆಕ್ಸ್‌ಟ್ರೋಸ್‌ಗೆ 88 ಗ್ರಾಂ ಗ್ಯಾಸ್, ಅಂದರೆ ಗ್ರಾಂಗೆ 0.444. ಟೀ ಸಕ್ಕರೆಗಿಂತ ಕಡಿಮೆ. ಮೇಲಿನ ಉದಾಹರಣೆಗೆ 111 ಗ್ರಾಂ ಸಕ್ಕರೆ ಬದಲು 129 ಗ್ರಾಂ ಡೆಕ್ಸ್‌ಟ್ರೋಸ್ ಬೇಕು.

ಹಳೇ ಅಮೆರಿಕನ್ ಪಾಕವಿಧಾನಗಳಲ್ಲಿ 'ಮುಕ್ಕಾಲು ಕಪ್' ಅಂತ ಇರುತ್ತೆ. ಕಪ್ ಅಳೆಯೋದು ಜಾಗವನ್ನ, ಯೀಸ್ಟ್ ತಿನ್ನೋದು ತೂಕವನ್ನ. 240 ಎಂಎಲ್ ಕಪ್ಪಿನಲ್ಲಿ ಹರಳು ಸಕ್ಕರೆ ಸುಮಾರು 200 ಗ್ರಾಂ ಹಿಡಿಯುತ್ತೆ. ಅದನ್ನೇ ನುಣ್ಣಗೆ ಪುಡಿ ಮಾಡಿ ಸಡಿಲವಾಗಿ ತುಂಬಿದ್ರೆ 120 ಗ್ರಾಂ ಆಸುಪಾಸು. ಕಪ್ಪು ಅದೇ, ಸಕ್ಕರೆ ಅದೇ, ಗ್ಯಾಸ್ ಅರ್ಧಕ್ಕೆ ಹತ್ತಿರ. ನಂಬಿಕೆ ಬರದಿದ್ರೆ ಲ್ಯಾಬಿನ ತಕ್ಕಡಿಯಲ್ಲಿ ಹತ್ತು ಚಮಚ ಸಕ್ಕರೆ ಒಂದೊಂದಾಗಿ ತೂಕ ಮಾಡಿ ನೋಡಿ, ಯಾವ ಎರಡೂ ಒಂದೇ ಬರಲ್ಲ.

ಕೆಲವರು ಪ್ರತಿ ಬಾಟಲಿಗೂ ಚಮಚದಲ್ಲಿ ಸಕ್ಕರೆ ಹಾಕ್ತಾರೆ. 330 ಎಂಎಲ್ ಬಾಟಲಿಗೆ ಬೇಕಾದ್ದು ಎರಡು ಗ್ರಾಂಗಿಂತ ಕಡಿಮೆ, ಅಂದರೆ ಅರ್ಧ ಚಮಚ. ಕೈ ನಡುಗಿ ಅರ್ಧ ಗ್ರಾಂ ಹೆಚ್ಚಾದ್ರೆ ಆ ಬಾಟಲಿಯಲ್ಲಿ 0.4 ವಾಲ್ಯೂಮ್ ಏರುತ್ತೆ. ಹತ್ತು ಬಾಟಲಿಯ ಸರಾಸರಿ ಸರಿಯಾಗಿದ್ರೂ ಸಿಡಿಯೋದು ಸರಾಸರಿ ಅಲ್ಲ, ಹತ್ತರಲ್ಲಿ ಅತಿ ಹೆಚ್ಚು ಸಕ್ಕರೆ ಬಿದ್ದ ಆ ಒಂದು ಬಾಟಲಿ. ಆದ್ದರಿಂದ ಒಳ್ಳೇ ಪದ್ಧತಿ ಏನಂದ್ರೆ, ಒಟ್ಟು ಸಕ್ಕರೆ ತೂಕ ಮಾಡಿ, ಸ್ವಲ್ಪ ನೀರಲ್ಲಿ ಕುದಿಸಿ, ಆರಿಸಿ, ಖಾಲಿ ಬಕೆಟ್ಟಿಗೆ ಮೊದಲು ಅದನ್ನ ಸುರಿಯೋದು. ಅದರ ಮೇಲೆ ಬಿಯರನ್ನ ಪೈಪಿನಿಂದ ನಿಧಾನಕ್ಕೆ ಇಳಿಸಿ, ಗಾಳಿ ಸೇರದ ಹಾಗೆ ಮೆಲ್ಲಗೆ ಕಲಸೋದು. ಆಮೇಲೆ ಬಾಟಲಿಗೆ.

ಅಣ್ಣ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ರು. ಕಿಟ್ಟಿನ ಪೊಟ್ಟಣದಲ್ಲಿದ್ದ ಡೆಕ್ಸ್‌ಟ್ರೋಸ್ 5 ಔನ್ಸ್, ಅಂದರೆ 142 ಗ್ರಾಂ. ಅದನ್ನೂ ನಂಬದೆ ಮತ್ತೆ ತಕ್ಕಡಿಗೆ ಹಾಕಿದ್ರು. 142 ಬಂತು. ಮತ್ತೆ?

ತಪ್ಪುಗಳ ಪಟ್ಟಿ

ಇಲ್ಲಿಂದ ನಮಗೆ ನಿಜವಾದ ಪಾಠ ಶುರುವಾಯ್ತು. ಮೊದಲು ಪೊಟ್ಟಣ ಮಾಡಿದವರ ಲೆಕ್ಕ ನೋಡಿದ್ವಿ. 19 ಲೀಟರ್, 20 ಡಿಗ್ರಿ. 142 × 0.444 = 63 ಗ್ರಾಂ ಗ್ಯಾಸ್. 19ರಿಂದ ಭಾಗಿಸಿದ್ರೆ ಲೀಟರಿಗೆ 3.32 ಗ್ರಾಂ, ಅಂದರೆ 1.69 ವಾಲ್ಯೂಮ್. ಆಗಲೇ ಇರೋ 0.86 ಸೇರಿ 2.55. ಯಾವ ತಕರಾರೂ ಇಲ್ಲ.

ಆಮೇಲೆ ಅಣ್ಣನಿಗೆ ಒಂದೊಂದೇ ಪ್ರಶ್ನೆ ಕೇಳ್ತಾ ಹೋದ್ವಿ.

ಎಷ್ಟು ಬಾಟಲಿ ತುಂಬಿದ್ರಿ? 355 ಎಂಎಲ್‌ನ 48 ಬಾಟಲಿ. ಅಂದರೆ 17 ಲೀಟರ್. ಉಳಿದ 2 ಲೀಟರ್ ತಳದ ಗಸಿಯ ಜೊತೆ ಮೊದಲ ಬಕೆಟ್ಟಲ್ಲೇ ಉಳೀತು. 142 ಗ್ರಾಂ ಈಗ 17 ಲೀಟರಿಗೆ ಹಂಚಿಕೆ ಆಯ್ತು, 1.69 ಇದ್ದದ್ದು 1.89 ಆಯ್ತು. ಹೆಚ್ಚಾಗಿದ್ದು 0.2 ವಾಲ್ಯೂಮ್.

ರೂಮಿನ ತಾಪಮಾನ ಎಷ್ಟಿತ್ತು? ಚಳಿಗಾಲ, ಹೀಟರ್ ಖರ್ಚು ಉಳಿಸೋಕೆ 16 ಡಿಗ್ರಿ. ಆ ತಾಪಮಾನದಲ್ಲಿ ಬಿಯರ್‌ನಲ್ಲಿ ಆಗಲೇ ಇದ್ದ ಗ್ಯಾಸ್ 0.86 ಅಲ್ಲ, 0.98. ಹೆಚ್ಚಾಗಿದ್ದು 0.12 ವಾಲ್ಯೂಮ್.

ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸಿರಬಹುದಾ? ಇರಬಹುದು. ಅದರಿಂದ ಆಗೋ ವ್ಯತ್ಯಾಸ ಒಂದು ವಾಲ್ಯೂಮಿನ ನೂರರಲ್ಲಿ ಒಂದು ಪಾಲು, 0.013.

ಇಷ್ಟೆಲ್ಲ ಸೇರಿಸಿದ್ರೂ 2.9 ಆಗ್ಲಿಲ್ಲ. ಸ್ವಲ್ಪ ಜಾಸ್ತಿ ನೊರೆ ಬರ್ತಿತ್ತು, ಅಷ್ಟೇ. ಕಪಾಟಿನ ಬಾಗಿಲಿಗೆ ಗಾಜು ನೆಡೋವಷ್ಟಲ್ಲ.

ಕೊನೇ ಪ್ರಶ್ನೆ: ಹುದುಗೋದು ಮುಗೀತು ಅಂತ ಹೇಗೆ ಗೊತ್ತಾಯ್ತು?

"ಗುಳ್ಳೆ ಬರೋದು ನಿಂತಿತ್ತು. ಹತ್ತನೇ ದಿನ ಹೈಡ್ರೋಮೀಟರ್ ಹಾಕ್ದೆ. 1.014 ತೋರಿಸ್ತು. ಕಿಟ್ಟಿನ ಚೀಟಿಯಲ್ಲಿ 1.010 ಅಂತಿತ್ತು. ನಾಲ್ಕು ಪಾಯಿಂಟ್ ತಾನೇ, ಮೂರನೇ ದಶಮಾಂಶ, ನಡೆಯುತ್ತೆ ಅಂದ್ಕೊಂಡೆ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದ್ವಿ.

ಮೂರನೇ ದಶಮಾಂಶದಲ್ಲಿ ಅಡಗಿದ್ದು

ಹೈಡ್ರೋಮೀಟರ್ ತೋರಿಸೋದು ಸಾಂದ್ರತೆ. ನೀರು 1.000. ಸಕ್ಕರೆ ಕರಗಿದ್ರೆ ಏರುತ್ತೆ, ಯೀಸ್ಟ್ ತಿಂದ ಹಾಗೆ ಇಳಿಯುತ್ತೆ. 0.001 ಇಳಿಕೆಗೆ ಒಂದು ಪಾಯಿಂಟ್ ಅಂತಾರೆ. ಲೀಟರಿಗೆ ಸುಮಾರು 2.6 ಗ್ರಾಂ ಸಕ್ಕರೆ ಕರಗಿಸಿದ್ರೆ ಒಂದು ಪಾಯಿಂಟ್ ಏರುತ್ತೆ. ಆದರೆ ಹುದುಗುವಾಗ ಸಕ್ಕರೆ ಹೋಗೋದರ ಜೊತೆಗೆ ನೀರಿಗಿಂತ ಹಗುರವಾದ ಆಲ್ಕೋಹಾಲ್ ಕೂಡ ಹುಟ್ಟುತ್ತೆ, ಅದೂ ಓದನ್ನ ಕೆಳಗೆ ಎಳೆಯುತ್ತೆ. ಆದ್ದರಿಂದ ಒಂದು ಪಾಯಿಂಟ್ ಇಳಿಯೋಕೆ ನಿಜವಾಗಿ ಹುದುಗೋದು 2.1 ಗ್ರಾಂ ಆಸುಪಾಸು. ಅದರಲ್ಲಿ ಅರ್ಧ ಗ್ಯಾಸ್, ಅಂದರೆ ಒಂದು ಗ್ರಾಂ. ಒಂದು ಗ್ರಾಂ ಅಂದರೆ ಅರ್ಧ ವಾಲ್ಯೂಮ್.

ಒಂದು ಪಾಯಿಂಟಿಗೆ ಅರ್ಧ ವಾಲ್ಯೂಮ್. ನಾಲ್ಕು ಪಾಯಿಂಟಿಗೆ 2 ವಾಲ್ಯೂಮ್. ಅಣ್ಣ ತೂಕ ಮಾಡಿ ಹಾಕಿದ ಇಡೀ ಪೊಟ್ಟಣ ಕೊಟ್ಟಿದ್ದೇ 1.89. ಅಂದರೆ ಅವರಿಗೇ ಗೊತ್ತಿಲ್ಲದೆ ಇನ್ನೊಂದು ಪೊಟ್ಟಣ ಸಕ್ಕರೆ ಆ ಬಿಯರ್‌ನೊಳಗೆ ಆಗಲೇ ಕೂತಿತ್ತು.

ಗುಳ್ಳೆ ನಿಂತಿದ್ದು ಯಾಕೆ? 16 ಡಿಗ್ರಿಯ ಚಳಿಗೆ ಯೀಸ್ಟ್ ಮಂಕಾಗಿತ್ತು. ಊಟ ಮುಗಿದಿರಲಿಲ್ಲ, ತಟ್ಟೆ ಮುಂದೆ ಕೂತು ತೂಕಡಿಸ್ತಿತ್ತು. ಬಾಟಲಿ ಇಟ್ಟ ಕಪಾಟು ಹೀಟರ್ ಪಕ್ಕದ್ದು, ಒಳಗೆ 27 ಡಿಗ್ರಿ. ಬೆಚ್ಚಗಾದ ಕೂಡಲೇ ಅದು ಎದ್ದು ಉಳಿದ ಊಟ ಮುಗಿಸ್ತು.

ಈಗ ಒತ್ತಡ ನೋಡೋಣ. ಬಾಟಲಿಯ ಮೇಲ್ಭಾಗದ ಖಾಲಿ ಜಾಗವನ್ನ ಲೆಕ್ಕಕ್ಕೆ ತಗೊಂಡಿಲ್ಲ, ಆದ್ದರಿಂದ ಇವು ಅಂದಾಜು. ಪೊಟ್ಟಣದವರು ಅಂದುಕೊಂಡ 2.55 ವಾಲ್ಯೂಮ್ 20 ಡಿಗ್ರಿಯಲ್ಲಿದ್ರೆ, 2.55 ÷ 0.86 = 2.97 ಅಟ್ಮಾಸ್ಫಿಯರ್. ಹೊರಗಿನ ಒಂದನ್ನ ಕಳೆದ್ರೆ ಸುಮಾರು 2, ಅಂದರೆ 29 ಪಿಎಸ್‌ಐ. ಪಾರ್ಕಿಂಗಲ್ಲಿ ನಿಂತಿರೋ ಬೈಕಿನ ಟೈರಿನಷ್ಟು. ಅಣ್ಣನ ಬಾಟಲಿಯಲ್ಲಿ ಇದ್ದದ್ದು 1.89 + 0.98 + 2, ಅಂದರೆ 4.9 ವಾಲ್ಯೂಮ್ ಹತ್ತಿರ. 27 ಡಿಗ್ರಿಯಲ್ಲಿ ಬಿಯರ್ ಒಂದು ಅಟ್ಮಾಸ್ಫಿಯರ್‌ಗೆ 0.73 ವಾಲ್ಯೂಮ್ ಮಾತ್ರ ಹಿಡಿಯುತ್ತೆ. 4.9 ÷ 0.73 = 6.7. ಒಂದು ಕಳೆದ್ರೆ 5.7 ಅಟ್ಮಾಸ್ಫಿಯರ್, ಅಂದರೆ 84 ಪಿಎಸ್‌ಐ ಸುಮಾರು. ಅದೂ ಕುಡಿದಿಟ್ಟು, ತೊಳೆದು ಮತ್ತೆ ಬಳಸಿದ ತೆಳು ಗಾಜು. ಹೊರಮೈಯ ಒಂದು ಸಣ್ಣ ಗೀರು ಇದ್ರೂ ಬಿರುಕು ಅಲ್ಲಿಂದಲೇ ಶುರು.

ಲೆಕ್ಕ ಕೇಳಿ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಕೇಳಿದ್ರು, "ಒಳಗೆ ಇನ್ನೂ 45 ಇವೆ. ಏನ್ ಮಾಡ್ಲಿ?"

ಉಳಿದ 45 ಬಾಟಲಿ

ನಾವು ಮೊದಲು ಹೇಳಿದ್ದು: ಬಾಗಿಲು ತೆಗೀಬೇಡಿ. ಇಂಥ ಹೊತ್ತಲ್ಲಿ ಒಂದೊಂದೇ ಬಾಟಲಿ ಕೈಯಲ್ಲಿ ಹಿಡಿದು ಆಚೆ ಸಾಗಿಸೋದು ಎಲ್ಲಕ್ಕಿಂತ ಅಪಾಯ. ಕೈಯ ಬಿಸಿ, ಅಲುಗಾಟ, ಮುಖಕ್ಕೆ ಅಷ್ಟು ಹತ್ತಿರ.

ಇಲ್ಲೂ ಹೆನ್ರಿಯ ನಿಯಮವೇ ಕೈ ಹಿಡೀತು. 4.9 ವಾಲ್ಯೂಮ್ ಇರೋ ಬಾಟಲಿಯನ್ನ 4 ಡಿಗ್ರಿಗೆ ತಂದ್ರೆ, ಆ ತಾಪಮಾನದಲ್ಲಿ ಬಿಯರ್ ಒಂದು ಅಟ್ಮಾಸ್ಫಿಯರ್‌ಗೆ 1.48 ವಾಲ್ಯೂಮ್ ಹಿಡಿಯುತ್ತೆ. 4.9 ÷ 1.48 = 3.3, ಒಂದು ಕಳೆದ್ರೆ 2.3 ಅಟ್ಮಾಸ್ಫಿಯರ್. 84 ಪಿಎಸ್‌ಐ ಇದ್ದದ್ದು 34ಕ್ಕೆ ಇಳಿಯುತ್ತೆ. ಒಂದೇ ಒಂದು ಮುಚ್ಚಳ ಮುಟ್ಟದೆ.

ಅಣ್ಣ ಹೀಟರ್ ಆಫ್ ಮಾಡಿ, ಕಿಟಕಿ ತೆರೆದಿಟ್ಟು, ರೂಮಿಗೆ ಬೀಗ ಹಾಕಿ ಸ್ನೇಹಿತರ ಮನೆಗೆ ಹೋದ್ರು. ಹೊರಗೆ ಹಿಮ ಬೀಳ್ತಿತ್ತು. ಗ್ಯಾಸ್ ಮತ್ತೆ ಕರಗೋಕೆ ಸಮಯ ಬೇಕು, ಹಾಗಾಗಿ ಪೂರ್ತಿ ಒಂದು ದಿನ ಬಿಟ್ರು. ಮರುದಿನ ಲ್ಯಾಬಿನ ಸೇಫ್ಟಿ ಕನ್ನಡಕ, ದಪ್ಪ ಕೈಗವಸು, ತುಂಬು ತೋಳಿನ ಜಾಕೆಟ್ ಹಾಕಿಕೊಂಡು, ಪ್ರತಿ ಬಾಟಲಿಗೂ ದಪ್ಪ ಟವೆಲ್ ಸುತ್ತಿ ಮುಚ್ಚಳವನ್ನ ನಿಧಾನಕ್ಕೆ ಸಡಿಲ ಮಾಡಿದ್ರು. 45 ಸಲ. ಎಲ್ಲವನ್ನೂ ಸಿಂಕಿಗೆ ಸುರಿದ್ರು.

ಒಂದು ಲೋಟ ಮಾತ್ರ ಉಳಿಸಿಕೊಂಡು, ಗ್ಯಾಸ್ ಪೂರ್ತಿ ಹೋಗೋ ತನಕ ಎರಡು ಪಾತ್ರೆಗಳ ನಡುವೆ ಆಚೀಚೆ ಸುರಿದು, ರೂಮಿನ ತಾಪಮಾನಕ್ಕೆ ತಂದು ಹೈಡ್ರೋಮೀಟರ್ ಹಾಕಿದ್ರು. ಫೋಟೋ ಕಳಿಸಿದ್ರು. 1.010.

ಅಲ್ಲಿವರೆಗೂ ನಮ್ಮದು ಊಹೆ. ಆ ಫೋಟೋ ನೋಡಿದ ಮೇಲೆ ಲೆಕ್ಕ.

ಶಾಂಪೇನಿನ ಔಷಧಿ ಅಂಗಡಿಯವರು

ಈ ತಪ್ಪು ಅಣ್ಣನೊಬ್ಬರದ್ದೇ ಅಲ್ಲ. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದವರು ಬಾಟಲಿಯೊಳಗೆ ವೈನನ್ನ ಎರಡನೇ ಸಲ ಹುದುಗಿಸಿ ನೊರೆ ಬರಿಸ್ತಾರೆ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ನೆಲಮಾಳಿಗೆಗಳಲ್ಲಿ ಬಾಟಲಿ ಒಡೆಯೋದು ದಿನನಿತ್ಯದ ಮಾತಾಗಿತ್ತು. ಒಂದು ಸಿಡಿದ್ರೆ ಅದರ ಚೂರು ಪಕ್ಕದ್ದಕ್ಕೆ ಬಡಿದು ಸಾಲು ಸಾಲೇ ಹೋಗ್ತಿತ್ತು. ಒಳಗೆ ಕೆಲಸ ಮಾಡೋರು ಮುಖಕ್ಕೆ ಲೋಹದ ಮುಖವಾಡ ಹಾಕ್ಕೊಳ್ತಿದ್ರು.

ಅವರೂ ಸಕ್ಕರೆಯನ್ನ ಅಳೆದೇ ಹಾಕ್ತಿದ್ರು. ಆದರೆ ವೈನಿನಲ್ಲಿ ಆಗಲೇ ಎಷ್ಟು ಸಕ್ಕರೆ ಉಳಿದಿದೆ ಅನ್ನೋದನ್ನ ಅಳೀತಿರಲಿಲ್ಲ. ಅದು ವರ್ಷದಿಂದ ವರ್ಷಕ್ಕೆ, ಪೀಪಾಯಿಯಿಂದ ಪೀಪಾಯಿಗೆ ಬೇರೆಯಾಗ್ತಿತ್ತು. 1830ರ ದಶಕದಲ್ಲಿ ಶಾಲೋನ್ ಊರಿನ ಔಷಧಿ ಅಂಗಡಿಯ ಝಾನ್-ಬ್ಯಾಪ್ಟಿಸ್ಟ್ ಫ್ರಾನ್ಸ್ವಾ ಅನ್ನೋರು ಒಂದು ಪದ್ಧತಿ ತೋರಿಸಿಕೊಟ್ರು: ಮೊದಲು ಹೈಡ್ರೋಮೀಟರ್ ಬಳಸಿ ವೈನಿನಲ್ಲಿ ಉಳಿದ ಸಕ್ಕರೆ ಕಂಡುಹಿಡೀರಿ, ಆಮೇಲೆ ಕೊರತೆ ಎಷ್ಟಿದೆಯೋ ಅಷ್ಟು ಮಾತ್ರ ಹಾಕಿ. ಹುದುಗೋದಕ್ಕೆ ಯೀಸ್ಟ್ ಕಾರಣ ಅಂತ ಪಾಸ್ಚರ್ ಸಾಧಿಸಿ ತೋರಿಸೋಕೆ ಇನ್ನೂ ಎರಡು ದಶಕ ಬೇಕಿತ್ತು. ಒಳಗೆ ಯಾರು ತಿಂತಿದ್ದಾರೆ ಅಂತ ತಿಳಿಯೋ ಮುಂಚೆಯೇ ಎಷ್ಟು ತಿಂತಾರೆ ಅನ್ನೋ ಲೆಕ್ಕ ಸಿಕ್ತು. ಇವತ್ತೂ ಶಾಂಪೇನಿನವರು ಲೀಟರಿಗೆ 24 ಗ್ರಾಂ ಆಸುಪಾಸು ಸಕ್ಕರೆ ಹಾಕಿ ಸುಮಾರು 6 ಅಟ್ಮಾಸ್ಫಿಯರ್ ಒತ್ತಡ ಪಡೀತಾರೆ. ಅದಕ್ಕೆ ತಕ್ಕ ಹಾಗೆ ಬಾಟಲಿಯೂ ದಪ್ಪ, ತೂಕ ಮುಕ್ಕಾಲು ಕೆ.ಜಿ.ಗೂ ಹೆಚ್ಚು.

ಅಣ್ಣ ಕಲಿತ ಕ್ರಮ

ಮುಂದಿನ ಸಲಕ್ಕೆ ಅಂತ ನಾವು ಬರೆದುಕೊಟ್ಟ ಚೀಟಿ ಇದು. ಅವರ ಫ್ರಿಜ್ಜಿನ ಬಾಗಿಲ ಮೇಲೆ ಈಗಲೂ ಅಂಟಿದೆ.

1. ಗುಳ್ಳೆ ನಂಬಬೇಡಿ. ಎರಡು ಮೂರು ದಿನದ ಅಂತರದಲ್ಲಿ ಹೈಡ್ರೋಮೀಟರ್ ಓದಿ. ಒಂದೇ ಸಂಖ್ಯೆ ಬಂದ್ರೆ ಸಾಲದು, ಅದು ಚೀಟಿಯಲ್ಲಿ ಹೇಳಿದ ಕೊನೇ ಸಂಖ್ಯೆಗೆ ಹತ್ತಿರವೂ ಇರಬೇಕು. ಇಲ್ಲದಿದ್ರೆ ಬಕೆಟ್ಟನ್ನ ಬೆಚ್ಚಗಿನ ಜಾಗಕ್ಕೆ ತಂದು ಕೆಲವು ದಿನ ಕಾದು ಮತ್ತೆ ಓದಿ.

2. ಓದೋ ಮುಂಚೆ ಮಾದರಿಯಿಂದ ಗ್ಯಾಸ್ ಬಿಡಿಸಿ. ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿ ಅದನ್ನ ಮೇಲೆತ್ತುತ್ತವೆ. ಉಪಕರಣದ ಮೇಲೆ ಬರೆದಿರೋ ತಾಪಮಾನದಲ್ಲೇ ಓದಿ.

3. ಸಕ್ಕರೆ ಹಾಕಬೇಕಾದ ಬಿಯರ್ ನಿಜವಾಗಿ ಎಷ್ಟು ಲೀಟರ್ ಅಂತ ನೋಡಿ. ಪೊಟ್ಟಣದ ಮೇಲಿನ 19ನ್ನ ನಂಬಬೇಡಿ. ಗಸಿ ಬಿಟ್ಟು ಉಳಿದದ್ದೇ ಲೆಕ್ಕ.

4. ಅತಿ ಹೆಚ್ಚಿನ ತಾಪಮಾನದ ಪ್ರಕಾರ ಆಗಲೇ ಇರೋ ಗ್ಯಾಸ್ ಕಳೆಯಿರಿ. ಉಳಿದ ಪ್ರತಿ ವಾಲ್ಯೂಮಿಗೆ ಲೀಟರಿಗೆ 4 ಗ್ರಾಂಗಿಂತ ಚೂರು ಕಡಿಮೆ ಸಕ್ಕರೆ, ಅಥವಾ 4.4 ಗ್ರಾಂ ಡೆಕ್ಸ್‌ಟ್ರೋಸ್.

5. ತೂಕ ಮಾಡಿ, ಒಟ್ಟಿಗೆ ಕಲಸಿ. ಕಪ್ಪು, ಚಮಚ ಬೇಡ. ಗೀರು ಬಿದ್ದ ಬಾಟಲಿ ಬೇಡ.

6. ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ಅದೇ ಬಿಯರ್ ತುಂಬಿ ಗಾಜಿನ ಬಾಟಲಿಗಳ ಜೊತೆ ಇಡಿ. ದಿನಾ ಅದನ್ನ ಹಿಂಡಿ ನೋಡಿ. ಅದು ಕಲ್ಲಿನ ಹಾಗೆ ಗಟ್ಟಿಯಾಗಿ ತಳ ಉಬ್ಬಿದ್ರೆ ಗಾಜಿನ ಕಥೆ ಏನಾಗಿದೆ ಅಂತ ಅದೇ ಹೇಳುತ್ತೆ. ಬಾಟಲಿಗಳನ್ನ ಮುಚ್ಚಳವಿರೋ ಗಟ್ಟಿ ಪೆಟ್ಟಿಗೆಯಲ್ಲಿಡಿ.

ಈ ಚೀಟಿಯಲ್ಲಿ ತಕ್ಕಡಿ ಬರೋದು ಐದನೇ ಜಾಗದಲ್ಲಿ. ಅದಕ್ಕೆ ಕಾರಣ ಇದೆ. ಅಣ್ಣ ಎಲ್ಲಕ್ಕಿಂತ ಹೆಚ್ಚು ಕಾಳಜಿ ವಹಿಸಿದ ಅಳತೆಯಲ್ಲಿ ಆಗಬಹುದಾಗಿದ್ದ ತಪ್ಪು 0.013 ವಾಲ್ಯೂಮ್. 'ನಡೆಯುತ್ತೆ' ಅಂತ ಬಿಟ್ಟ ಅಳತೆಯಲ್ಲಿ ಆದ ತಪ್ಪು 2 ವಾಲ್ಯೂಮ್. ನೂರೈವತ್ತು ಪಟ್ಟು. ಎಷ್ಟೋ ಹೈಡ್ರೋಮೀಟರ್‌ಗಳಲ್ಲಿ ಒಂದು ಸಣ್ಣ ಗೆರೆಯೇ ಎರಡು ಪಾಯಿಂಟ್. ಕಣ್ಣಿಗೆ ಕಾಣೋದೇ ಕಷ್ಟ ಅನ್ನೋ ಆ ಗೆರೆಯಲ್ಲಿ ಪೂರ್ತಿ ಒಂದು ವಾಲ್ಯೂಮ್ ಕೂತಿರುತ್ತೆ.

ಆ ವಾರ ನಮ್ಮ ಲ್ಯಾಬ್ ರೆಕಾರ್ಡ್ ತಿರುವಿ ಹಾಕಿದ್ವಿ. ಕ್ಯಾಲ್ಕ್ಯುಲೇಟರ್ ಕೊಟ್ಟ ಉತ್ತರವನ್ನ ನಾಲ್ಕು ದಶಮಾಂಶದವರೆಗೆ ಬರೆದಿದ್ದೀವಿ. ಥರ್ಮಾಮೀಟರ್ ಮಾತ್ರ 'ಸುಮಾರು 30' ಅಂತ ಕಣ್ಣಂದಾಜಿನಲ್ಲಿ ಓದಿದ್ದೀವಿ. ಪಕ್ಕದಲ್ಲಿ ಟಿಕ್ ಮಾರ್ಕೂ ಇದೆ. ಬಾಟಲಿ ಒಡೀಲಿಲ್ಲ, ಅಷ್ಟೇ.

ಅಣ್ಣ ಹೋದ ತಿಂಗಳು ಮತ್ತೆ ಕಾಲ್ ಮಾಡಿದ್ರು. ಹೊಸ ಬಕೆಟ್ ಇಟ್ಟಿದ್ದಾರೆ. "ಓದು 1.012ಕ್ಕೆ ನಿಂತಿದೆ ಕಣ್ರೋ. ಎರಡೇ ಪಾಯಿಂಟ್" ಅಂದ್ರು.

ನಾವೇನೂ ಹೇಳೋ ಮುಂಚೆ ಅವರೇ ನಕ್ಕು, "ಗೊತ್ತು, ಗೊತ್ತು. ಇನ್ನೊಂದು ವಾರ ಕಾಯ್ತೀನಿ" ಅಂದ್ರು.